ಲಂಡನ್ನಿನಿಂದ ಬಂದ ಕರಡಿಗೆ

ಆ ಬುಧವಾರ ಜಗದಾಂಬಾ ಹಪ್ಪಳದ ಹಿಟ್ಟು ಕುಟ್ಟಿದಳು. ಅತ್ತೆಯ ತಲೆಗೆ ಎಣ್ಣೆ ಹಚ್ಚಿದಳು. ಮಧ್ಯಾಹ್ನ ದುರ್ಗಿಗುಡಿ ಬೀದಿಯ ಮನೆಯೆಲ್ಲ ಮಲಗಿದಾಗ ಅಡಿಗೆಮನೆಯ ಬಾಗಿಲ ಹಿಂದೆ ಕೂತು, ಗಂಡನ ಹಳೇ ಕಾಗದದ ಬೆನ್ನಿನ ಮೇಲಿದ್ದ ಇಂಗ್ಲಿಷ್ ವಿಳಾಸವನ್ನು ಹೊಸ ನೀಲಿ ಕಾಗದದ ಮೇಲೆ ರಂಗೋಲಿಯ ಹಾಗೆ ಗೆರೆಗೆರೆಯಾಗಿ ನೋಡಿ ಎಳೆದಳು. ಇಂಗ್ಲಿಷ್ ಆಕೆಗೆ ಬಾರದು. ಕನ್ನಡವೂ ಮೂರನೇ ಕ್ಲಾಸಿನದು. ಒಳಗೆ ಬರೆದದ್ದು ಇಷ್ಟೇ: ಓದು ಸಾಕು. ಬನ್ನಿ.

ಗಂಡ ಗಂಗಾಧರಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಕಚೇರಿಯ ಗುಮಾಸ್ತರು. ಬಿ.ಎಲ್. ಮಾಡಿದ್ದರು. ೧೯೫೭ರಲ್ಲಿ ಲಂಡನ್ನಿಗೆ ಹೋದರು. ಒಂದು ವರ್ಷ ಕಾನೂನು, ಇನ್ನೊಂದು ವರ್ಷ ವ್ಯಾಪಾರದ ಓದು. ಮಗ ದೊಡ್ಡ ಕುರ್ಚಿಗೇ ಬಂದು ಕೂರುತ್ತಾನೆಂದು ಮಾವ ಷಣ್ಮುಖಪ್ಪನವರು ಪೇಟೆಗೆಲ್ಲ ಹೇಳಿದ್ದರು. ಮದುವೆಯಾಗಿ ಆಗ ಹನ್ನೊಂದು ತಿಂಗಳು. ಭದ್ರಾವತಿಯ ಎರಡು ಕೋಣೆಯ ಕ್ವಾರ್ಟರ್ಸ್ ಬಿಟ್ಟು ಜಗದಾಂಬಾ ಮಾವನ ಮನೆಗೆ ಬಂದಳು. ಕ್ವಾರ್ಟರ್ಸಿನಲ್ಲಿ ಬಾಗಿಲು ತೆಗೆಯುವುದು, ಹಾಕುವುದು ಆಕೆಯ ಕೈಯಲ್ಲಿತ್ತು. ಇಲ್ಲಿ ಗುಡಿಗೆ ಹೋಗಬೇಕಾದರೂ ಅತ್ತೆಯನ್ನು ಕೇಳಬೇಕು.

ಕಾಗದ ಬರುತ್ತಿದ್ದುದು ಮಾವನ ಹೆಸರಿಗೆ. ಹೆಂಡತಿಗೆಂದು ಬೇರೆ ಬರೆಯುವ ರೂಢಿ ಇರಲಿಲ್ಲ. ಮಾವ ನಡುಮನೆಯಲ್ಲಿ ಗಟ್ಟಿಯಾಗಿ ಓದುವರು, ಸೊಸೆ ಬಾಗಿಲ ಹಿಂದೆ ನಿಂತು ಕೇಳುವಳು.

ಮೂರು ವಾರದ ಹಿಂದೆ ಬಂದ ಕಾಗದದಲ್ಲಿ ಹೀಗಿತ್ತು: ಕಾನೂನು ಪಾಸಾಯಿತು. ವ್ಯಾಪಾರದ ಕ್ಲಾಸು ನಡೆದಿದೆ. ಕೋಣೆ ಬೆಚ್ಚಗಿಡುವ ಒಲೆ ಕಾಸು ಹಾಕಿದರೆ ಮಾತ್ರ ಉರಿಯುತ್ತದೆ, ಅದಕ್ಕೆ ಲೈಬ್ರರಿ ಮುಚ್ಚುವವರೆಗೂ ಅಲ್ಲೇ ಕೂತು ಓದುತ್ತೇನೆ. ಚಳಿಗೆ ಎದೆ ಹಿಡಿದಿದೆ. ಬಿಟ್ಟು ಬಂದುಬಿಡಲೇ? ಜಗದಾಂಬಾಳನ್ನು ಕೇಳಿ ಬರೆಯಿರಿ. ಅವಳು ಹೇಳಿದ ಹಾಗೆ.

ಮಾವ ಕನ್ನಡಕ ತೆಗೆದರು. "ಏನಮ್ಮಾ, ನಿನ್ನನ್ನೇ ಕೇಳ್ತಿದಾನೆ. ಬಾ ಅಂತ ಬರೀಲೋ, ಮುಗಿಸ್ಕೊಂಡು ಬಾ ಅಂತ ಬರೀಲೋ?"

ಅಡಿಕೆ ಕತ್ತರಿಸುತ್ತಿದ್ದ ಪಕ್ಕದ ಮನೆ ಮಹಾಂತಮ್ಮ ಅತ್ತೆಯ ಕಡೆ ತಿರುಗಿ, "ಕೇಳೋದೇನ್ ಮಾರಾಯ್ತಿ! ಗಂಡ ಲಾಯರಾದ್ರೆಷ್ಟು ಬಿಟ್ರೆಷ್ಟು, ಮಗ್ಗುಲಲ್ಲಿದ್ರೆ ಸಾಕು ಇವಳಿಗೆ" ಎಂದರು.

ಅತ್ತೆ ನಕ್ಕರು. ಮಾವನೂ ನಕ್ಕರು. ಜಗದಾಂಬಾಳ ಕಿವಿ ಸುಟ್ಟಿತು.

"ಮುಗಿಸ್ಕೊಂಡೇ ಬರ್ಲಿ."

"ಭೇಷ್!" ಎಂದು ಮಾವ ಅದನ್ನೇ ಬರೆದರು.

ಅಂದಿನಿಂದ ಆಕೆಗೆ ಅನ್ನ ಇಳಿಯಲಿಲ್ಲ. ಮಾತು ಹಿಂದಕ್ಕೆ ತಗೊಳ್ಳಬೇಕೆಂದರೆ ಮತ್ತೆ ನಡುಮನೆಯವರ ಮುಂದೆ ಬಾಯಿ ತೆರೆಯಬೇಕು. ಆಗಲಿಲ್ಲ. ಹೂ ಮಾರುವ ಬಂಗಾರಮ್ಮನ ಕೈಲಿ ಈ ನೀಲಿ ಕಾಗದ ತರಿಸಿದಳು. ಗುರುವಾರ ಅವಳ ಕೈಲೇ ಅಂಚೆ ಡಬ್ಬಕ್ಕೆ ಹಾಕಿಸಬೇಕೆಂದು ಸೆರಗಿಗೆ ಕಟ್ಟಿಕೊಂಡಳು.

ಗುರುವಾರ ಬಂಗಾರಮ್ಮನಿಗಿಂತ ಮೊದಲು ತಂತಿಯವನು ಬಂದ.

ಲಂಡನ್ನಿನಲ್ಲಿ ಗಂಗಾಧರಪ್ಪ ತೀರಿಕೊಂಡಿದ್ದರು. ನ್ಯುಮೋನಿಯಾ.

ಬೇಸಿಗೆಯಲ್ಲಿ ಜನಾರ್ದನ ಬಂದ. ಮೈಸೂರಿನವನು, ಲಂಡನ್ನಿನಲ್ಲಿ ಗಂಗಾಧರಪ್ಪನವರ ಜೊತೆ ಓದಿದವನು. ಪುಸ್ತಕದ ಪೆಟ್ಟಿಗೆ ಇಳಿಸಿ, ಕರ್ಚೀಫು ಬಿಚ್ಚಿ, ಲಿಂಗದ ಬೆಳ್ಳಿ ಕರಡಿಗೆಯನ್ನು ಮಣೆಯ ಮೇಲಿಟ್ಟ.

"ಕೊರಳಲ್ಲಿತ್ತು, ಯಜಮಾನ್ರೇ. ಬೆಂಕಿಗೆ ಹೋಗಬಾರದು ಅಂತ ನಾನೇ ಬಿಚ್ಚಿಟ್ಕೊಂಡೆ."

"ಬೆಂಕಿಗಾ?" ಎಂದರು ಮಾವ.

ಇವರಲ್ಲಿ ಸತ್ತವರನ್ನು ಸುಡುವುದಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಜನಾರ್ದನ ಬ್ರಾಹ್ಮಣರ ಹುಡುಗ, ತನ್ನವರಿಗೆ ಮಾಡುವ ಹಾಗೆ ಮಾಡಿದ್ದ. ಗೊತ್ತಾದ ಮೇಲೆ ಗೋಡೆಗೊರಗಿ ಅತ್ತ.

ಮಠದ ಅಯ್ಯನವರು ಲಿಂಗವನ್ನು ತುಂಗೆಗೆ ಬಿಡಿ ಎಂದರು. ಹೊಳೆಗೆ ಹೊರಟ ದಿನ ನೋಡಿದರೆ ಮಣೆಯ ಮೇಲೆ ಕರಡಿಗೆ ಇಲ್ಲ. ಅದು ಜಗದಾಂಬಾಳ ಸೆರಗಿನಲ್ಲಿತ್ತು.

"ಕೊಡಮ್ಮಾ," ಮಾವ ಕೈ ಚಾಚಿದರು.

ಆಕೆ ಬಾಗಿಲ ಹಿಂದಿನಿಂದ ಈಚೆ ಬಂದಳು. "ಕೊಡಲ್ಲ ಮಾವ. ಅವತ್ತು ನೀವೆಲ್ಲ ನಕ್ಕಿರಿ ಅಂತ ಮುಗಿಸ್ಕೊಂಡು ಬರ್ಲಿ ಅಂದೆ. ಇದೊಂದು ಮನೆಗೆ ಬಂದಿದೆ. ಇದನ್ನ ಮತ್ತೆ ಕಳಿಸಲ್ಲ."

ಮಾವನ ಕೈ ಕೆಳಗಿಳಿಯಿತು.

ಆಕೆ ಗೆದ್ದದ್ದು ಅದೊಂದೇ. ಕ್ವಾರ್ಟರ್ಸಿಗೆ ಬೇರೆ ಸಂಸಾರ ಬಂತು. ತವರು ಕುಂಸಿಯಿಂದ ಅಣ್ಣ ಬಂದು ಮುಖ ತೋರಿಸಿ ಹೋದ, ಬಾ ಎನ್ನಲಿಲ್ಲ. ಮತ್ತೆ ಅದೇ ಹಪ್ಪಳ, ಅತ್ತೆಯ ತಲೆ, ಅದೇ ಬಾಗಿಲು.

ಇವತ್ತಿಗೂ ಬೆಳಿಗ್ಗೆ ಸ್ನಾನ ಮಾಡಿ ಎರಡು ಲಿಂಗಕ್ಕೆ ನೀರೆರೆಯುತ್ತಾಳೆ. ತನ್ನದಕ್ಕೆ ಬಾವಿಯ ತಣ್ಣೀರು. ಅವರದಕ್ಕೆ ಒಲೆ ಹಚ್ಚಿ, ಬೆಚ್ಚಗೆ ಮಾಡಿ.