ಅಣ್ಣನ ಬೆನ್ನಿನ ಬರೆ

ಮಹಾಯುದ್ಧ ಮುಗಿದು ಸಂಸ್ಥಾನದ ಕುದುರೆ ಪಡೆಯಿಂದ ಮರಳಿದ ನನ್ನ ಅಣ್ಣ, ನಮ್ಮೂರು ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲಿನಲ್ಲಿ ದನ ಓಡುವ ಸದ್ದು ಕೇಳಿದರೆ ನೆಲಕ್ಕೆ ಬೋರಲು ಬಿದ್ದು ಕಿವಿ ಮುಚ್ಚಿಕೊಳ್ಳುತ್ತಿದ್ದ. "ಕುದುರೆ ಸಾಯ್ತಾ ಐತೆ ಕಣ್ಲೇ, ಯಾರಾದ್ರೂ ಬಿಡಿಸ್ರೋ" ಎಂದು ಅಳುತ್ತಿದ್ದ. ಬೆಂಗಳೂರಿನಲ್ಲಿ ಇಂಥವರಿಗೆಂದೇ ಆಸ್ಪತ್ರೆಯಿತ್ತು. ಅಲ್ಲಿ ಸೇರಿಸಿಕೊಳ್ಳಲು ಚಳ್ಳಕೆರೆಯ ಡಾಕ್ಟರರ ಒಂದು ಕಾಗದ ಬೇಕಿತ್ತು.

ಡಾಕ್ಟರರು ಅವನ ಅಂಗಿ ಬಿಚ್ಚಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೈಮೇಲೆ ಒಂದು ಗೀರೂ ಇಲ್ಲ. ಕೋಣ ಇದ್ದಂಗೆ ಇದ್ದಾನೆ. ಏನಂತ ಬರೀಲಯ್ಯಾ?" ಎಂದರು. ಜಗಲಿಯಲ್ಲಿ ಸರದಿಗಾಗಿ ಕುಳಿತಿದ್ದ ಐದು ಜನ ರೋಗಿಗಳೂ ನಕ್ಕರು. ಆ ಐದು ಮುಖಗಳೂ ನನಗೆ ಇಂದಿಗೂ ನೆನಪಿವೆ.

ಬೆದರುವ ಎತ್ತಿಗೆ ಕಾದ ಕುಡುಗೋಲಿನಿಂದ ಬರೆ ಹಾಕುವುದು ನಮ್ಮ ದನಗಾಹಿಗಳ ವಾಡಿಕೆ. ಕಾಗದ ಸಿಗದೆ ಮರಳಿದ ಮೇಲೆ ದೊಡ್ಡಪ್ಪ, "ಇನ್ನೇನು ದಾರಿ ಐತೆ ಹೇಳವ್ವ" ಎಂದು ಅವ್ವನನ್ನು ಒಪ್ಪಿಸಿ, ಅಣ್ಣನ ಬೆನ್ನಿಗೂ ಹಾಗೆಯೇ ಬರೆ ಎಳೆದರು. ಅವನನ್ನು ಅದುಮಿ ಹಿಡಿದವನು ನಾನು. ಅದನ್ನು ಮರೆಮಾಚುವುದಿಲ್ಲ.

ಬರೆ ಕೀವಾಯಿತು. ಮತ್ತೆ ಚಳ್ಳಕೆರೆಗೆ ಕರೆದೊಯ್ದೆ. ಈ ಸಲ ಡಾಕ್ಟರರು ಕುರ್ಚಿಯಿಂದ ಎದ್ದು ಗಾಯ ತೊಳೆದರು, ಮುಲಾಮು ಹಚ್ಚಿದರು, "ಮನುಷ್ಯರೇನ್ರಯ್ಯಾ ನೀವು?" ಎಂದು ಬೈದರು, ಪುಸ್ತಕದಲ್ಲಿ ಸುಟ್ಟ ಗಾಯವೆಂದು ಬರೆದುಕೊಂಡರು.

"ಬೆಂಗಳೂರಿನ ಕಾಗದ, ಸ್ವಾಮಿ?" ಎಂದು ಕೇಳಿದೆ.

"ಇದಕ್ಕೆ ಬೆಂಗಳೂರು ಯಾಕೆ? ಹದಿನೈದು ದಿನಕ್ಕೆ ಮಾಯುತ್ತೆ, ಹೋಗು."

ಅವರು ಹೇಳಿದಂತೆಯೇ ಹದಿನೈದು ದಿನಕ್ಕೆ ಮಾಯಿತು. ದನ ಓಡಿದಾಗಲೆಲ್ಲ ಅಣ್ಣ ಬೋರಲು ಬೀಳುವುದು ಮಾತ್ರ ಅವನು ಸಾಯುವವರೆಗೂ ನಿಲ್ಲಲಿಲ್ಲ.