ಮಾಳಪ್ಪನ ಕುದುರೆಯ ಕಿವಿ

ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿದ ಮರುವರ್ಷ ನಾನು ಶಹಾಪುರದಲ್ಲಿ ಗಿರ್ದಾವರನಾಗಿದ್ದೆ. ಹಳ್ಳಿಹಳ್ಳಿ ತಿರುಗಿ ಯಾವ ಹೊಲ ಯಾರದೆಂದು ತನಿಖೆ ಮಾಡುವ ಕಂದಾಯ ಇಲಾಖೆಯ ನೌಕರಿ ಅದು. ಹಳೆಯ ಸರ್ಕಾರ ಕೊಟ್ಟ ಇನಾಮು ಹೊಲಗಳನ್ನೆಲ್ಲ ಮತ್ತೆ ವಿಚಾರಿಸಬೇಕೆಂದು ಹುಕುಂ ಬಂದಿತ್ತು. ದಿನಾ ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸೈಕಲ್ ಹತ್ತುವುದು, ಯಾವುದಾದರೂ ಬೇವಿನ ಗಿಡದ ಕೆಳಗೆ ಉಣ್ಣುವುದು.

ವನದುರ್ಗದ ಭೀಮವ್ವನ ಹೊಲದ ಪ್ರಕರಣ ಹಾಗೆ ಬಂದದ್ದು. ಆಕೆಯ ಅಣ್ಣ ಮಾಳಪ್ಪ ಕುರಿ ಕಾಯುತ್ತಿದ್ದವನು, ಸಂಸ್ಥಾನದ ಕುದುರೆ ದಂಡಿಗೆ ಸೇರಿ ಮೊದಲ ಮಹಾಯುದ್ಧದಲ್ಲಿ ಮಿಸರ ದೇಶದ, ಅಂದರೆ ಈಜಿಪ್ಟಿನ ಕಡೆ ಸತ್ತ. ಅದಕ್ಕಾಗಿ ತಾಯಿಗೆ ಕೊಟ್ಟ ಹೊಲವನ್ನು ಈಗ ಭೀಮವ್ವ ಉಳುತ್ತಿದ್ದಳು. ಬೇರೆ ಜಮೀನು ಇರಲಿಲ್ಲ. ಹಳೆಯ ಕಾಗದ ಎಲ್ಲಿಯೂ ಸಿಗಲಿಲ್ಲ. ಊರಿನ ಕಂದಾಯ ನೋಡುವ ಗೌಡ ಮಾಲಿಪಾಟೀಲರಂತೂ ತಕರಾರು ತೆಗೆದಿದ್ದರು.

“ಕುರಿ ಕಾಯೋ ಹುಡುಗ ಕುದುರಿ ಯಾವಾಗ ಹತ್ತಿದ್ನ್ರೀ? ಸತ್ತ ಸವಾರ ಬ್ಯಾರೆ ಯಾವನೋ ಮಾಳಪ್ಪ. ಹೊಲ ಸರ್ಕಾರಕ್ಕ ಹೋಗ್ಬೇಕು.”

“ನಮ್ಮಣ್ಣ ಸತ್ತಾಗ ನಮ್ಮವ್ವ ಅತ್ತದ್ದೂ ಸುಳ್ಳೇನ್ರೀ ಗೌಡ್ರ?” ಎಂದಳು ಭೀಮವ್ವ. ಅಳು ಪಂಚನಾಮೆಗೆ ಸಾಲದು. ಐದು ಮಂದಿಯ ಎದುರು ಕಂಡದ್ದನ್ನು ಬರೆದು ಸಹಿ ಹಾಕಿಸುವುದೇ ಪಂಚನಾಮೆ. ಮಾಳಪ್ಪನನ್ನು ದಂಡಿನಲ್ಲಿ ಕಂಡವರು ಬೇಕಿತ್ತು.

ಕುದುರೆ ಬಲ್ಲವರು ಮುದುಕರಾದ ಮೇಲೆ ಟಾಂಗಾ ಹೊಡೆಯುತ್ತಾರೆಂದು ಯಾದಗಿರಿ ಸ್ಟೇಷನ್ನಿಗೆ ಹೋದೆ. ಎಣಿಕೆ ತಪ್ಪಲಿಲ್ಲ. ಅಲ್ಲಿ ಇಮಾಮ್‌ಸಾಬ ಎಂಬ ಹಳೆಯ ಸವಾರ ಸಿಕ್ಕ. ಮಾಳಪ್ಪ ಹೇಗೆ ಸತ್ತನೆಂದು ಕೇಳಿದೆ.

“ಮಾಳಪ್ಪ ಅನ್ನಾವ್ರು ಮೂರು ಮಂದಿ ಇದ್ರು. ಮೂವರೂ ಬಹಾದ್ದೂರ್, ಮೂವರೂ ಸತ್ರು. ಬರಕೋರಿ.”

ಮತ್ತೆ ಹೇಗೆ ಕೇಳಿದರೂ ಅಷ್ಟೇ ಉತ್ತರ. ಬರಿಗೈಯಲ್ಲಿ ತಿರುಗುವುದೇ ಎಂದುಕೊಂಡು ಇಬ್ಬರಿಗೂ ಚಹಾ ಹೇಳಿದೆ. ಬೇಸರದಲ್ಲೇ, “ಅವರೊಳಗ ಯಾರರ ಬೈಸಿಕೊಂಡಿದ್ರೇನು ಚಾಚಾ?” ಎಂದೆ. ಮುದುಕ ಬಸಿಯಲ್ಲಿದ್ದ ಚಹಾ ಚೆಲ್ಲುವಂತೆ ನಕ್ಕ.

“ಒಬ್ಬಾಂವ ಸರ್ಕಾರಿ ಕುದುರಿ ಕಿವಿ ಕೊಯ್ದಿದ್ದ. ಕುರಿಗೆ ಗುರುತ ಹಾಕ್ತಾರಲ್ಲ, ಹಂಗ. ಯಾಕೋ ಅಂದ್ರ, ನಂದು ಅಂತ ಗೊತ್ತಾಗಬೇಕಲ್ರಿ ಸಾಹೇಬ್ರ, ಅಂದ. ಆ ತಿಂಗಳೆಲ್ಲಾ ನಮ್ಮ ಕುದುರಿ ಲದ್ದಿನೂ ಅವನ ಕಡೀಂದನ ಬಳಿಸಿದ್ರು.”

ಕುರಿಗಾರರು ಹಿಂಡು ಬೆರೆತರೆ ತಿಳಿಯಲೆಂದು ಮರಿಗಳ ಕಿವಿ ಕಚ್ಚು ಮಾಡುತ್ತಾರೆ. ಮನೆಮನೆಗೂ ಕಚ್ಚು ಬೇರೆ. ನಾನು ಊರಿನ ಹೆಸರೆತ್ತದೆ, ಆ ಕುದುರೆಯ ಕಿವಿ ಹೇಗಿತ್ತೆಂದು ಕೇಳಿದೆ. ಮುದುಕ ಚಾವಟಿ ಕಟ್ಟಿಗೆಯಿಂದ ನೆಲದ ಮೇಲೆ ಬರೆದ: ಎಡಗಿವಿ, ಅಂಚಿನಲ್ಲಿ ಒತ್ತೊತ್ತಾಗಿ ಎರಡು ಕಚ್ಚು, ತುದಿ ಓರೆಯಾಗಿ ಹಾರಿಸಿದ್ದು.

ಮರುದಿನ ಅವನನ್ನು ವನದುರ್ಗಕ್ಕೆ ಕರೆತಂದೆ. ಪಂಚರ ಎದುರು ಮತ್ತೊಮ್ಮೆ ಬರೆಸಿ, ಅಣ್ಣ ಕಾಯುತ್ತಿದ್ದ ಮನೆಯ ಹಿಂಡನ್ನೇ ಸಾಕಿಕೊಂಡು ಬಂದಿದ್ದ ಭೀಮವ್ವನ ಕುರಿ ಬರುವವರೆಗೆ ಕಾದೆವು.

“ಕುರಿ ಕಿವಿ ನೋಡಿ ಹೊಲ ಕೊಡ್ತೀರೇನ್ರೀ?” ಎಂದು ಪಾಟೀಲರು ಚುಚ್ಚಿದರು.

“ನಿಮ್ಮ ಕಿವಿ ನೋಡಂದ್ರ ಅದನ್ನೂ ನೋಡ್ತೀನ್ರಿ,” ಎಂದೆ. ಪಂಚರು ನಕ್ಕರು.

ಹೊತ್ತು ಮುಳುಗುವಾಗ ಹಿಂಡು ಬಂತು. ಇಮಾಮ್‌ಸಾಬ ಒಂದು ಟಗರನ್ನು ಹಿಡಿದು ಎಡಗಿವಿ ಬಿಡಿಸಿ ನೋಡಿದ. ಎರಡು ಕಚ್ಚು, ಓರೆ ತುದಿ. ಆಮೇಲೆ ಇನ್ನೊಂದು, ಮತ್ತೊಂದು. ಪಾಟೀಲರೂ ಬಗ್ಗಿ ತಾವೇ ಒಂದರ ಕಿವಿ ಬಿಡಿಸಿ ನೋಡಿದರು.

“ಅಂವಾ ಹಂಗ ಇದ್ದ ಬಿಡ್ರಿ,” ಎಂದು ಭೀಮವ್ವ ನಕ್ಕಳು. ಟಗರಿನ ಕಿವಿ ಸವರುತ್ತ ಇಮಾಮ್‌ಸಾಬನನ್ನು ಕೇಳಿದಳು: “ಆ ಕುದುರಿ ಏನಾತ್ರಿ ಅಣ್ಣಾ?”

“ಲಡಾಯಿ ದಿನ ಅದೊಂದ ತಿರುಗಿ ಬಂತು ತಂಗಿ, ಅಂವ ಬರಲಿಲ್ಲ. ಆಮ್ಯಾಲ ನನಗ ಕೊಟ್ರು. ನಾ ಹತ್ತಿ ತಿರುಗಿದ್ರೂ ದಂಡೆಲ್ಲಾ ಮಾಳಪ್ಪನ ಕುದುರಿ ಅಂತಿತ್ತು.”

“ಅಂದ್ರ ಅವಂದ ಆತಲ್ರಿ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಹಾಲು ಕಾಯಿಸಲು ಎದ್ದಳು.

ವರದಿ ಓದಿದ ತಹಶೀಲ್ದಾರರು, ಕುದುರೆಯ ಕಿವಿಯನ್ನು ಸಾಕ್ಷಿಯಾಗಿ ಬರೆದ ಗಿರ್ದಾವರ ನೀವೊಬ್ಬರೇ ಎಂದು ನಗುತ್ತಲೇ ಸಹಿ ಮಾಡಿದರು. ಹೊಲ ಭೀಮವ್ವನಿಗೆ ಉಳಿಯಿತು. ಸತ್ತ ಬಗೆ ಕೇಳಿದರೆ ಜನ ಎಲ್ಲರಿಗೂ ಒಪ್ಪುವ ಮಾತು ಹೇಳುತ್ತಾರೆ. ಮಾಡಿಕೊಂಡ ಎಡವಟ್ಟು ಕೇಳಿದರೆ ಆ ಮನುಷ್ಯನೇ ಎದ್ದು ಬರುತ್ತಾನೆ. ನಿವೃತ್ತಿಯಾಗುವವರೆಗೂ ತನಿಖೆಗೆ ಹೋದಲ್ಲೆಲ್ಲ ನಾನು ಮೊದಲು ಚಹಾ ಹೇಳುತ್ತಿದ್ದೆ, ಆಮೇಲೆ ಅದನ್ನೇ ಕೇಳುತ್ತಿದ್ದೆ.