ಬೇಸಿಗೆಗೂ ಮಡ್ಗಾರ್ಡ್

ಮಳೆಗಾಲ ಮುಗಿದರೆ ಸಾಕು, ನಮ್ಮ ಯಜಮಾನರು ಸೈಕಲ್ಲಿನ ಹಿಂದಿನ ಮಡ್ಗಾರ್ಡ್ ಬಿಚ್ಚಿ ಗೋಡೆಗೆ ನೇತುಹಾಕಿಬಿಡೋರು. ಲಟಲಟ ಅನ್ನುತ್ತೆ, ಟೈರಿಗೆ ಉಜ್ಜುತ್ತೆ, ಕೆಸರೇ ಇಲ್ಲದ ಕಾಲಕ್ಕೆ ಅದ್ಯಾಕೆ ಅನ್ನೋದು ಅವರ ವಾದ. ವರ್ಷಪೂರ್ತಿ ಇರಲಿ ಅನ್ನೋದು ನನ್ನದು. ನಾನು ಹೇಳಿದ್ದು ಅವರ ಕಿವಿಗೆ ಯಾವತ್ತು ಬಿದ್ದಿದೆ ಹೇಳಿ.

ನನ್ನ ಹೆದರಿಕೆ ಬಟ್ಟೆ ಕೊಳೆಯಾಗೋದಕ್ಕಲ್ಲ. ನಮ್ಮದು ರೇಷ್ಮೆ ಹುಳ ಸಾಕೋ ಮನೆ, ದಿಬ್ಬೂರಹಳ್ಳಿ ಕಡೆ. ಹುಳದ ಸೊಪ್ಪು ಬೆಳೆಯೋ ತೋಟ ಊರಾಚೆ. ಕಡ್ಡಿ ಸಮೇತ ಕೊಯ್ದು, ಹೊರೆ ಕಟ್ಟಿ, ಸೈಕಲ್ ಕ್ಯಾರಿಯರ್ ಮೇಲೆ ತರಬೇಕು. ದಾರೀಲಿ ಒಂದು ಟೊಮೇಟೊ ತೋಟ. ಬೇಸಿಗೇಲಿ ರಸ್ತೆಯೆಲ್ಲ ಧೂಳೆದ್ದರೂ ಅದರ ಮುಂದೆ ಮಾತ್ರ ನೀರು ನಿಂತಿರುತ್ತೆ. ಔಷಧಿ ಹೊಡೆದ ಡ್ರಮ್ಮು ತೊಳೆಯೋದು ಅಲ್ಲೇ. ಮಡ್ಗಾರ್ಡ್ ಇಲ್ಲದ ಚಕ್ರ ಆ ನೀರನ್ನ ನೇರ ಹೊರೆಯ ತಳಕ್ಕೆ ಚಿಮ್ಮಿಸುತ್ತೆ. ಟೊಮೇಟೊ ಹುಳ ಯಾವುದು, ನಮ್ಮ ಹುಳ ಯಾವುದು ಅಂತ ಆ ಔಷಧಿಗೆ ಗೊತ್ತಾಗುತ್ತಾ?

ಹೋದ ಬೇಸಿಗೇಲಿ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಆಗಿನ ಹಸಿವು ಕೇಳಬೇಡಿ. ಆ ಒಂದು ವಾರ ಹೊಟ್ಟೆ ತುಂಬ ತಿಂದರೆ ಗೂಡು, ಇಲ್ಲದಿದ್ದರೆ ಅಲ್ಲೀವರೆಗಿನ ಚಾಕರಿಯೆಲ್ಲ ಮಣ್ಣುಪಾಲು. ಬೆಳಿಗ್ಗೆ ಯಜಮಾನರು ಹೊರೆ ಇಳಿಸಿದರು. ಅದರ ತಳಕ್ಕೆ ಕೈ ಹಾಕಿದೆ, ಒದ್ದೆ. ಮೂಸಿದೆ. ಔಷಧಿ ವಾಸನೆ ಬಂದ ಹಾಗಾಯಿತು.

"ರೀ, ಟೊಮೇಟೊ ತೋಟದ ಮುಂದೆ ನೀರಿತ್ತಾ?"

"ಇರ್ತದೆ, ಪಕ್ಕದಲ್ಲೇ ಬಂದೆ. ಸೊಪ್ಪು ಬಾಡದಿರಲಿ ಅಂತ ನಾನೇ ನೀರು ಚಿಮುಕಿಸಿದ್ದು ಕಣೇ. ಏಮೀ ಕಾದು, ಏನೂ ಆಗಲ್ಲ."

"ಆಗಲ್ಲ ಅಂದ್ಬಿಟ್ರೆ ಆಯ್ತಾ? ಒಂದು ಕಡ್ಡಿ ಹಾಕಿ ನೋಡ್ತೀನಿ. ಮಿಕ್ಕಿದ್ದು ಮುಟ್ಟಬೇಡಿ."

ಐದಾರು ಹುಳ ಮೊರದಲ್ಲಿ ಬೇರೆ ಇಟ್ಟು, ಹೊರೆಯ ತಳದಿಂದ ಒಂದು ಕಡ್ಡಿ ಎಳೆದು ಹಾಕಿದೆ. ಮುಗಿಬಿದ್ದು ತಿಂದವು. ಯಜಮಾನರು ನಕ್ಕರು. ನನಗೆಲ್ಲಿಯ ನಗು? ಮಿಕ್ಕ ಹುಳವೆಲ್ಲ ಸೊಪ್ಪಿಗಾಗಿ ತಲೆ ಆಡಿಸುತ್ತಿದ್ದವು. ಹಾಕಿದರೆ ವಿಷ, ಹಾಕದಿದ್ದರೆ ಉಪವಾಸ. ಕೈ ತೊಳೆದು ಬಂದು ಮೊರದ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ಮೊರದಲ್ಲಿದ್ದ ಒಂದು ಹುಳ ತಲೆ ಮೇಲೆತ್ತಿ ಕೊಸರಾಡಿತು. ಬಾಯಿಂದ ಹಸಿರು ರಸ ಬಂತು. ಆಮೇಲೆ ಇನ್ನೊಂದು. ಬಯ್ಯೋಣ ಅಂತ ತಿರುಗಿ ಅವರ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ಅವರೇ ಹೊರೆ ಎತ್ತಿ ಗುಂಡಿಗೆ ಎಸೆದು, ಸೋಪು ಹಚ್ಚಿ ಮೊಣಕೈವರೆಗೂ ತಿಕ್ಕಿ ತೊಳೆದು, ಸೈಕಲ್ ಹತ್ತಿ ಮತ್ತೆ ಸೊಪ್ಪಿಗೆ ಹೋದರು.

ಎಷ್ಟು ಹೊತ್ತಾದರೂ ಬರಲಿಲ್ಲ. ಹುಳದ ಮನೆಗೂ ಬಾಗಿಲಿಗೂ ಓಡಾಡಿ ಸಾಕಾಯಿತು. ಇವರೂ ಎಲ್ಲಾದರೂ ಬಿದ್ದರೋ ಏನೋ ಅನ್ನೋ ಯೋಚನೆ ಬೇರೆ. ಕೊನೆಗೆ ಬಂದರು, ಬೆವರು ಸುರಿಸಿಕೊಂಡು. ಹೊರೆ ಬಿಚ್ಚಿ ಮೂಸಿದೆ, ಬರೀ ಸೊಪ್ಪಿನ ವಾಸನೆ. ಆದರೂ ಮೊದಲು ಇನ್ನೊಂದು ಮೊರದಲ್ಲಿ ಬೇರೆ ಹುಳಕ್ಕೆ ಹಾಕಿ ಇಬ್ಬರೂ ಕಣ್ಣು ಮಿಟುಕಿಸದೆ ಕಾದೆವು. ಯಾವುದೂ ತಲೆ ಎತ್ತಲಿಲ್ಲ. ಆಮೇಲೇ ಎಲ್ಲಕ್ಕೂ ಹಾಕಿದ್ದು.

ನೀರು ಕೊಡೋಣ ಅಂತ ಹೊರಗೆ ಬಂದಾಗ ಕಂಡಿತು, ಅಂಗಳದಲ್ಲಿ ಸೈಕಲ್ಲೇ ಇರಲಿಲ್ಲ. ಟೊಮೇಟೊ ತೋಟದ ದಾರಿ ಬಿಟ್ಟು, ಹೊಲದ ಬದುವಿನ ಮೇಲೆ ಬಳಸಿಕೊಂಡು, ಅಷ್ಟು ಭಾರ ತಲೆ ಮೇಲೆ ಹೊತ್ತು ನಡೆದು ಬಂದಿದ್ದರು.

"ಸೈಕಲ್ ಎಲ್ರೀ?" ಅಂದೆ.

"ಸೊಪ್ಪಿನ ತೋಟದಲ್ಲೇ ಬಿಟ್ಟೆ. ಮಡ್ಗಾರ್ಡ್ ಇಲ್ಲದೆ ಸೊಪ್ಪು ಹೇರಿಕೊಂಡು ಹತ್ತೋಕೆ ಭಯ ಆಯ್ತು ಕಣೇ."